ಫ್ಯಾನಿನ ಸದ್ದು

ತೆರೆಯ ಮೇಲೆ ಗೆಳತಿಯರಿಬ್ಬರು ನಗು ನಿಲ್ಲಿಸಿದಾಗ 'ಟಕ್' ಎಂದದ್ದು ತನ್ನ ಹಾಸ್ಟೆಲ್ ರೂಮಿನ ಫ್ಯಾನೇ ಎಂದು ಅವಳಿಗೆ ಗೊತ್ತಾಯಿತು. ಪ್ರಶಸ್ತಿ ಗೆದ್ದ ಈ ಸಾಕ್ಷ್ಯಚಿತ್ರದಲ್ಲಿ ಹಾಸ್ಟೆಲಿನ ಹುಡುಗಿಯರೆಲ್ಲ ಬಂದುಹೋಗಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಅವಳ ಮುಖ ಮಾತ್ರ ಬಂದಿರಲಿಲ್ಲ.

"ಸರ್, ಅದು ನನ್ನ ಫ್ಯಾನಲ್ವಾ?" ಎಂದು ಪಕ್ಕದಲ್ಲಿ ಕೂತಿದ್ದ ಚಿತ್ರದ ಧ್ವನಿ ತಂತ್ರಜ್ಞನನ್ನು ಕೇಳಿದಳು.

"ಗುರುತು ಹಿಡಿದ್ಯಲ್ಲ," ಎಂದು ಆತ ಹಿಗ್ಗಿದ. "ಮಾತು ನಿಂತ ಕಡೆ ತುಂಬೋಕೆ ಬರೀ ರೂಮಿನ ಸದ್ದು ಬೇಕಾಗುತ್ತೆ. ಬೇರೆ ರೂಮಲ್ಲಿ ಒಂದು ನಿಮಿಷ ಆಗೋದ್ರೊಳಗೆ ಯಾರಾದ್ರೂ ಬಾಗಿಲು ಬಡೀತಿದ್ರು. ನಿನ್ನ ರೂಮಲ್ಲಿ ಮೈಕು ಆನ್ ಮಾಡಿ ಮರೆತು ಬಂದಿದ್ದೆ ನೋಡು, ಇಡೀ ಭಾನುವಾರ ಸಿಕ್ತು."

ಅವಳು ತೆರೆಯ ಕಡೆ ತಿರುಗಿದಳು. ಹುಡುಗಿಯರು ಮತ್ತೆ ನಗುತ್ತಿದ್ದರು. ಆ ನಗು ನಿಲ್ಲುವುದನ್ನೇ ಅವಳು ಕಾಯತೊಡಗಿದಳು.