ಆರು ಇಂಜಿನ್‌ಗಳ ಚರಿತ್ರೆ

ಲತಾಮಣಿ ಎರಡು ಸಲ ಅಳಿಸಿ ಹಾಕಿದ್ದ ಸಾಲನ್ನು ಅವಳ ಅಪ್ಪ ಗಂಗಯ್ಯ ಕೆಂಪು ಪೆನ್ನಿನಲ್ಲಿ ಮತ್ತೆ ಬರೆದು ತಂದಿದ್ದ. ಅದೂ ಒಂದಲ್ಲ, ಐದು ಕಡೆ: 'ಕಡೇ ದಿನ ಟ್ಯಾಂಕ್ ತುಂಬ ನೀರಿತ್ತು.' ತಿಲಕ್ ನಗರದ ಅವಳ ಜೆರಾಕ್ಸ್ ಅಂಗಡಿಯ ಮುಂದೆ ನಾಲ್ಕು ಜನ ಆಧಾರ್ ಕಾರ್ಡ್ ಹಿಡಿದು ಕಾಯುತ್ತಿದ್ದರು. ಅಪ್ಪನಿಗೋ, ತಾನು ರೈಲ್ವೆ ಶೆಡ್ಡಿನಲ್ಲಿ ಫಿಟರ್ ಆಗಿದ್ದಾಗ ನೋಡಿಕೊಂಡ ಆರು ಪುಟ್ಟ ಉಗಿ ಇಂಜಿನ್‌ಗಳ ಚರಿತ್ರೆ ಇವತ್ತೇ ಪ್ರಿಂಟ್ ಆಗಬೇಕು. ನೀರಿನ ಟ್ಯಾಂಕನ್ನು ಮೈಗೇ ಕಟ್ಟಿಕೊಂಡು ಓಡುತ್ತಿದ್ದ ಇಂಜಿನ್‌ಗಳಂತೆ. ಒಂದು ವಾರದಿಂದ ಇದೇ ಪುರಾಣ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು.

"ಅಪ್ಪ, ಗುಜರಿಗೆ ಹೋಗೋ ಇಂಜಿನ್ನಿಗೆ ಯಾರಾದ್ರೂ ನೀರು ತುಂಬ್ತಾರಾ? ಓದಿದೋರು ನಗ್ತಾರೆ. ಬಿಡಪ್ಪ ಇದನ್ನ."

"ತುಂಬಿದ್ದು ನಾನೇ ಕಣಮ್ಮ," ಎಂದ ಗಂಗಯ್ಯ. "ಅಷ್ಟು ವರ್ಷ ದುಡಿದಿದ್ವು. ಬಾಯಿಗೆ ನೀರು ಬಿಡದೆ ಹೆಂಗೆ ಕಳಿಸೋದು?"

ಲತಾಮಣಿ ಕಾಯುತ್ತಿದ್ದವರಿಗೆ ಐದು ನಿಮಿಷ ಇರಿ ಎಂದು ಕೈಸನ್ನೆ ಮಾಡಿ, ಐದು ಇಂಜಿನ್‌ಗಳ ಕೆಳಗೂ ಆ ಸಾಲನ್ನು ಹಾಕಿದಳು. ಆರನೆಯದರ ಕೆಳಗೆ ಅಪ್ಪ ಏನೂ ಬರೆದಿರಲಿಲ್ಲ. ಮರೆತಿರಬೇಕು ಅಂದುಕೊಂಡು ಅಲ್ಲೂ ಅದನ್ನೇ ಟೈಪ್ ಮಾಡತೊಡಗಿದಾಗ ಗಂಗಯ್ಯ ಅವಳ ಕೈ ಹಿಡಿದುಕೊಂಡ.

"ಅದಕ್ಕೆ ಬೇಡಮ್ಮ. ಅವತ್ತು ನಾನು ರಜದಲ್ಲಿದ್ದೆ."