ಡಾಂಗಲ್‌ಗೆ ಹಾಕಿದ ಸಿಮ್

ತುಮಕೂರಿನ ಮನೆಯಲ್ಲಿ ಇವತ್ತು ಮೇಜಿನ ಡ್ರಾಯರ್ ಒರೆಸುವಾಗ ಆ ಹಳೆಯ ಇಂಟರ್ನೆಟ್ ಡಾಂಗಲ್ ಕೈಗೆ ಸಿಕ್ಕಿತು. ಅದರ ಮುಚ್ಚಳ ಎಲ್ಲೋ ಕಳೆದುಹೋಗಿದೆ.

ಅದನ್ನು ಕೊಂಡಾಗ ನಾವು ಗುಬ್ಬಿಯಲ್ಲಿದ್ದೆವು. ಚಿಕ್ಕಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅಕ್ಕನ ಕಾಲೇಜಿನ ಅರ್ಜಿಯನ್ನು ಮನೆಯ ಕಂಪ್ಯೂಟರಿನಲ್ಲೇ ತುಂಬೋಣವೆಂದು ಅಪ್ಪ ಡಾಂಗಲ್ ತಂದರು. "ಹೊಸ ಸಿಮ್ ಯಾಕೆ, ಇವನ್ದೇ ಐತಲ್ಲ" ಎಂದು ಚಿಕ್ಕಪ್ಪನ ಫೋನಿನಿಂದ ಸಿಮ್ ತೆಗೆದು ಅದಕ್ಕೆ ಹಾಕಿದರು. ಸಿಗ್ನಲ್ ಸಿಗಲೆಂದು ಉದ್ದನೆಯ ವೈರು ಜೋಡಿಸಿ ಡಾಂಗಲನ್ನು ಕಿಟಕಿಯ ಸರಳಿಗೆ ಕಟ್ಟಿದರು. ಸ್ವಲ್ಪ ಹೊತ್ತಿಗೆ ಅದರ ದೀಪ ಹತ್ತಿತು.

ಪರದೆಯ ಮೇಲೆ ಮೆಸೇಜುಗಳು ಒಂದರ ಹಿಂದೊಂದು ಬರತೊಡಗಿದವು. ಎಲ್ಲವೂ ಫೋನ್ ಆಫ್ ಆಗಿದ್ದಾಗ ಬಂದಿದ್ದ ಮಿಸ್ಡ್ ಕಾಲ್‌ಗಳವು. ದಿನಾ ಮಧ್ಯಾಹ್ನ ಒಂದರ ಹೊತ್ತಿಗೆ, ಒಂದೇ ನಂಬರಿನಿಂದ.

"ಅಪ್ಪಾ, ಇದು ಅಜ್ಜಿ ನಂಬರ್ರು" ಅಂದೆ.

ಅಂಗಡಿಯಲ್ಲಿರುತ್ತಿದ್ದ ಚಿಕ್ಕಪ್ಪನನ್ನು ಅಜ್ಜಿ ಊಟಕ್ಕೆ ಕರೆಯುತ್ತಿದ್ದ ಹೊತ್ತು ಅದು. ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಪ್ಪನಿಗೆ, "ಸ್ವಿಚಾಫ್ ಅಂತಾಳೆ ಕಣ್ಲಾ, ಆ ಫೋನ್ ಹುಡ್ಗಿ. ದಿನಾ ಹಂಗೇ ಅಂತಾಳೆ" ಎಂದರು.

ಅಪ್ಪ ಬಿಸಿಯಾಗಿದ್ದ ಡಾಂಗಲ್ ಬಿಚ್ಚಿ, ಸಿಮ್ ತೆಗೆದು, ಮತ್ತೆ ಚಿಕ್ಕಪ್ಪನ ಫೋನಿಗೇ ಹಾಕಿ ಚಾರ್ಜಿಗಿಟ್ಟರು. "ಅರ್ಜಿನ ಸೈಬರ್‌ಗೆ ಹೋಗಿ ಹಾಕಣ ಬುಡಮ್ಮ" ಎಂದು ಅಕ್ಕನಿಗೆ ಹೇಳಿದರು.

ಮರುದಿನ ಮಧ್ಯಾಹ್ನ ಒಂದಕ್ಕೆ ನಾವು ಊಟಕ್ಕೆ ಕೂತಾಗ ಗೋಡೆಯ ಗೂಡಿನಲ್ಲಿದ್ದ ಆ ಫೋನ್ ರಿಂಗಾಯಿತು. ಅಡುಗೆಮನೆಯಲ್ಲಿ ಅಜ್ಜಿ ತಮ್ಮ ಫೋನನ್ನು ಕಿವಿಗೆ ಹಿಡಿದು ನಿಂತಿದ್ದರು. ರಿಂಗ್ ತಾನಾಗಿಯೇ ನಿಲ್ಲುವವರೆಗೂ ಅಪ್ಪ ಮುದ್ದೆಗೆ ಕೈ ಹಾಕಲಿಲ್ಲ.