ಎದುರು ಮೇಳದ ಉತ್ತರ

“ಈ ಊರ ಯಾರ್ದು? ಹೇಳ್ರೀ!” ಎಂದು ಬ್ಯಾಂಡಿನ ಹಾಡುಗಾರ ಅಮೋಲ ಮೈಕಿನಲ್ಲಿ ಕಿರುಚಿದ ಕೂಡಲೇ, ಹಾಡಿನ ರೂಢಿಯಂತೆ ಗಿಟಾರು, ಡ್ರಮ್ಮು ಎಲ್ಲ ಒಮ್ಮೆಲೇ ನಿಂತವು. ಸೊಲ್ಲಾಪುರದ ಈ ಹಳೆಯ ಚಾದರ ಕಾರ್ಖಾನೆಯ ಶೆಡ್ಡಿನಲ್ಲಿ ಪಂಕ್ ಎಂಬ ಅಬ್ಬರದ ರಾಕ್ ಸಂಗೀತದ ಕ್ಲಬ್ಬು ಶುರುವಾಗಿ ಹನ್ನೆರಡು ವರ್ಷ. ಪ್ರತಿ ಸಲ ಹಾಡಿನ ನಡುವೆ ಕೇಳುವ ಆ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ನಾಳೆ ಶೆಡ್ಡನ್ನೇ ಕೆಡವುವವರಿದ್ದರು. ಇದೇ ಕೊನೆಯ ಹಾಡು. ಡ್ರಮ್ಮಿನ ಹಿಂದೆ ಕೂತ ರೂಪಾಲಿಯ ಕಣ್ಣು ಮಾತ್ರ ಮುಂದೆಯೇ ಕೂತ ಅಜ್ಜಿಯ ಮೇಲಿತ್ತು. ಅಜ್ಜಿ ಸುಗಲಾಬಾಯಿ ತನ್ನ ಹಳ್ಳಿ ನಾಗಣಸೂರಿನಿಂದ ಬಂದದ್ದೇ, ಮೊಮ್ಮಗಳು ಇನ್ನು ಮುಂದೆ ಬಾರಿಸಬೇಕೋ ಬೇಡವೋ ಎಂದು ಕಣ್ಣಾರೆ ನೋಡಿ ತೀರ್ಮಾನಿಸಲು.

ಅಜ್ಜಿ ಎದ್ದು ನಿಂತಳು. ಹೊರಟೇಬಿಟ್ಟಳೆಂದು ರೂಪಾಲಿ ಡ್ರಮ್ಮಿನ ಕೋಲುಗಳನ್ನು ಕೆಳಗಿಳಿಸಿದಳು.

“ಯಾಕ, ಬಾಯಾಗ ಕಡಬು ಇಟಗೊಂಡು ನಿಂತೀರೇನು?” ಅಜ್ಜಿ ಹಿಂದಕ್ಕೆ ತಿರುಗಿ ನೆರೆದವರನ್ನು ಗದರಿದಳು. “ಅಂವ ಸವಾಲ ಹಾಕ್ಯಾನ. ಎದುರಿನ ಮೇಳ ಸುಮ್ಮ ನಿಂತ್ರ ಸೋತಂಗ ಅಲ್ಲೇನ್ರೋ?” ಕುರುಬರ ದೇವರು ಬೀರೋಬನ ಡೊಳ್ಳಿನ ಹಾಡಿನಲ್ಲಿ ಒಂದು ಮೇಳ ಹಾಕಿದ ಸವಾಲಿಗೆ ಇನ್ನೊಂದು ಮೇಳ ಉತ್ತರ ಕೊಡದೆ ಬಿಟ್ಟದ್ದನ್ನು ಅವಳು ಅರವತ್ತು ವರ್ಷಗಳಲ್ಲಿ ಕಂಡಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಿವಿಗೆ ಅಂಗೈ ಹಚ್ಚಿ, ತಾನೇ ದನಿ ಎತ್ತಿದಳು:

“ಮಗ್ಗ ನೇದವರ ಊರಿದು, ಕುರಿ ಕಾದವರ ಊರಿದು,
ಕೇಳಿದ ನಿಂದೂ ಊರಿದು ತಮ್ಮಾ…”

ಮೈಕಿಲ್ಲದ ಆ ದನಿ ತಗಡಿನ ಸೂರಿಗೆ ಬಡಿದು ಮರಳಿತು. ಅಮೋಲ ಮೈಕನ್ನು ಜನರತ್ತ ಚಾಚಿದ. ಮರುಕ್ಷಣ ಇನ್ನೂರು ಕಂಠಗಳು ಅದೇ ಸಾಲನ್ನು ಎತ್ತಿಕೊಂಡವು. ಅಜ್ಜಿ ಮೊಮ್ಮಗಳತ್ತ ತಿರುಗಿದಳು.

“ಏ ರೂಪಾಲಿ, ಕೈ ಯಾಕ ನಿಲ್ಲಿಸಿದಿ? ನಾ ಹಾಡಾಕತ್ತೀನಿ, ಬಾರ್ಸ!”